ಬುಧವಾರಕ್ಕೆ ನೆನೆಸಿಟ್ಟ ಅಕ್ಕಿ

ಹೊಗೇನಕಲ್ಲಿಗೆ ಒಬ್ಬನೇ ಹೋಗಿ ಮೀನು ತಿನ್ನುವವನನ್ನು ಅಲ್ಲಿನ ಹೆಂಗಸರು ಒಂದು ಥರ ನೋಡುತ್ತಾರೆ. ಹೊಳೆದಂಡೆಯಲ್ಲಿ ಮೀನು ಕೊಂಡು, ಸಾಲಾಗಿ ಒಲೆ ಹೂಡಿಕೊಂಡು ಕೂತವರಲ್ಲಿ ಒಬ್ಬರ ಕೈಗೆ ಕೊಟ್ಟರೆ ಅವರೇ ಉಜ್ಜಿ, ಕೊಯ್ದು, ಅರ್ಧ ಸಾರು ಮಾಡಿ, ಅರ್ಧ ಹುರಿದು ಕೊಡುತ್ತಾರೆ. ಅಷ್ಟರಲ್ಲಿ ನಾವು ಹರಿಗೋಲಿನಲ್ಲಿ ಒಂದು ಸುತ್ತು ಹಾಕಿ, ಮೈಗೆ ಎಣ್ಣೆ ತಿಕ್ಕಿಸಿಕೊಂಡು, ನೀರು ಧುಮುಕುವ ಕಡೆ ತಲೆಯೊಡ್ಡಿ ಬರಬೇಕು. ಇದೆಲ್ಲ ಗುಂಪು ಕಟ್ಟಿಕೊಂಡು ಮಾಡುವ ಕೆಲಸ. ನಾನು ಅಂಗೈಯಗಲದ ಒಂದು ಮೀನು ಹಿಡಿದುಕೊಂಡು ಹೋಗಿ ನಿಂತಾಗ ಆ ಹೆಂಗಸು ನನ್ನ ಬೆನ್ನ ಹಿಂದೆ ಇಣುಕಿದಳು.

"ಎತ್ತನೆ ಪೇರು?" ಎಷ್ಟು ಜನ ಎಂದು ತಮಿಳಿನಲ್ಲಿ ಕೇಳಿದಳು.

"ಒಬ್ಬನೇ ಅಕ್ಕಾ."

ನನ್ನ ಕನ್ನಡ ಕೇಳಿ ಅವಳೂ ಕನ್ನಡಕ್ಕೆ ತಿರುಗಿದಳು. "ಮಿಕ್ಕೋರೆಲ್ಲ ನೀರಿಗೆ ಓಗವ್ರಾ?"

"ಮಿಕ್ಕೋರು ಅಂತ ಯಾರೂ ಇಲ್ಲ."

ಎಲೆಯ ಮೇಲೆ ಮೀನು ತಂದಿಟ್ಟಾಗ ನೋಡಿದರೆ ನನ್ನದಲ್ಲದ ಎರಡು ತುಂಡು ಜಾಸ್ತಿ ಇದ್ದವು. ಬೇರೆ ಯಾವುದೋ ಗುಂಪಿನ ಮೀನಿನಿಂದ ತೆಗೆದು ನನಗೆ ಹಾಕಿದ್ದಳು. ಕರುಣೆಯಿಂದ ಬಂದ ಮೀನು ನನಗೆ ಸೇರುವುದಿಲ್ಲ. ತಿಂದೆ ಅನ್ನಿ. ನನ್ನ ಮೀನಿಗಿಂತ ಅದೇ ಚೆನ್ನಾಗಿತ್ತು.

ಇದು ತೊಂಬತ್ತರ ದಶಕದ ಮಾತು. ಆಗ ನಾನು ಗ್ರೈಂಡರ್ ಮಾರುತ್ತಿದ್ದೆ. ಮೇಜಿನ ಮೇಲೆ ಇಡಬಹುದಾದ ಸಣ್ಣ ಗ್ರೈಂಡರ್ ಬಂದ ಹೊಸತು. ಮೆಟ್ಟೂರಿನಲ್ಲಿ ಒಂದು ರೂಮು ಹಿಡಿದು, ಆ ಯಂತ್ರವನ್ನು ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಕಾವೇರಿಯ ಎರಡೂ ದಂಡೆಯ ಊರುಗಳನ್ನು ಸುತ್ತುತ್ತಿದ್ದೆ. ಸೋಮವಾರ ಪೆನ್ನಾಗರ, ಮಂಗಳವಾರ ಮೇಚೇರಿ, ಬುಧವಾರ ಕೊಳತ್ತೂರು ಲೈನು, ಹೀಗೆ ದಿನಕ್ಕೊಂದು ಕಡೆ. ಗ್ರೈಂಡರ್ ಒಳ್ಳೆಯದು ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅವರ ಮನೆಯಲ್ಲೇ ರುಬ್ಬಿ ತೋರಿಸಬೇಕು. ರುಬ್ಬಬೇಕಾದರೆ ಅಕ್ಕಿ, ಉದ್ದು ನೆನೆದಿರಬೇಕು. ಆದ್ದರಿಂದ ಈ ವಾರ ಹೋದ ಮನೆಯಲ್ಲಿ ಮುಂದಿನ ವಾರಕ್ಕೆ ಹೇಳಿ ಬರಬೇಕು: "ಬರೋ ವಾರ ಬತ್ತೀನಮ್ಮ. ಬೆಳಗ್ಗೆ ಎದ್ದೇಟ್ಗೆ ನೆನೆಹಾಕಿರಿ."

ಹತ್ತು ಮನೆಯಲ್ಲಿ ಹೀಗೆ ಹೇಳಿದರೆ ನಾಲ್ಕು ಮನೆಗೆ ಹೋಗುವುದೂ ಕಷ್ಟ. ಬಸ್ಸು ತಪ್ಪುತ್ತಿತ್ತು, ಕರೆಂಟು ಹೋಗುತ್ತಿತ್ತು, ಒಂದೇ ಮನೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಮೂರು ಸಲ ರುಬ್ಬಿಸುತ್ತಿದ್ದರು. ಉಳಿದ ಆರು ಮನೆಯ ಹೆಂಗಸರು ನೆನೆದ ಅಕ್ಕಿಯನ್ನು ತಾವೇ ಒರಳುಕಲ್ಲಿಗೆ ಸುರಿದುಕೊಂಡು, ನನ್ನ ಜನ್ಮ ಜಾಲಾಡುತ್ತ ರುಬ್ಬಿರಬೇಕು. ನಮ್ಮಂಥ ರಾಗಿ ಉಣ್ಣುವ ಮನೆಗಳಲ್ಲಿ ಇಡ್ಲಿ, ದೋಸೆ ಹಬ್ಬದ ತಿಂಡಿ. ಹಬ್ಬವಲ್ಲದ ದಿನ ಅಕ್ಕಿ ನೆನೆಹಾಕಿಸಿ ಹೋಗದೆ ಇರುವುದು ಸಣ್ಣ ಅಪರಾಧವಲ್ಲ. ಆದರೆ "ಬತ್ತೀನಿ" ಎನ್ನುವುದು ನನ್ನ ಕಸುಬಿನ ಮಾತು. ಹೊಸ್ತಿಲು ದಾಟುವಾಗ ಅದು ತನ್ನಷ್ಟಕ್ಕೆ ಬಾಯಿಂದ ಬರುತ್ತಿತ್ತು.

ನಮ್ಮದು ಮಾರಂಡಹಳ್ಳಿ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ತಮಿಳು. ಚಿಕ್ಕವನಾಗಿದ್ದಾಗ ಅಜ್ಜಿ ಮನೆಯಲ್ಲಿದ್ದು ನಾಲ್ಕು ವರ್ಷ ಕನ್ನಡ ಸ್ಕೂಲಿಗೆ ಹೋಗಿದ್ದೆ, ಅದರಿಂದಲೇ ಇವತ್ತು ಇಷ್ಟು ಬರೆಯುತ್ತಿರುವುದು. ಮದುವೆಯಾಗಿ ಎರಡು ವರ್ಷಕ್ಕೆ ನನ್ನ ಹೆಂಡತಿ ಕಾಮಾಲೆಯಾಗಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ನಾನು ಜಗಲಿಯಲ್ಲಿ ಕೂತಿದ್ದೆ. ಬಂದವರು ಒಬ್ಬೊಬ್ಬರಾಗಿ ಎದ್ದು, ನನ್ನ ಮುಖ ನೋಡದೆ, ಒಂದು ಮಾತೂ ಆಡದೆ ಹೊರಟುಹೋದರು. ನಮ್ಮಲ್ಲಿ ಹಾಗೆಯೇ. ಸಾವಿನ ಮನೆಯಿಂದ ಹೊರಡುವವರು "ಹೋಗಿ ಬರ್ತೀನಿ" ಎನ್ನಬಾರದು. ಅಂದರೆ, ಈ ಮನೆಯ ಇನ್ನೊಂದು ಸಾವಿಗೆ ಬರುತ್ತೇನೆ ಎಂದು ಹೇಳಿದ ಹಾಗೆ. ನಾನೂ ಎಷ್ಟೋ ಮನೆಗಳಿಂದ ಹಾಗೆ ಸುಮ್ಮನೆ ಎದ್ದು ಬಂದವನೇ. ಕೂತವನಿಗೆ ಅದು ಹೇಗಿರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಸಂಜೆ ಹೊತ್ತಿಗೆ ಜಗಲಿ ಖಾಲಿಯಾಗಿತ್ತು.

ಅವಳು ದಿನಾ ಖಾರ ರುಬ್ಬುತ್ತಿದ್ದ ಒರಳುಕಲ್ಲು ಅಡುಗೆಮನೆಯ ನೆಲದಲ್ಲಿ ಹೂತಿತ್ತು. ನೀರು ಕುಡಿಯಬೇಕಾದರೆ ಅದನ್ನು ದಾಟಿ ಹೋಗಬೇಕು. ಅಣ್ಣ, ಅತ್ತಿಗೆ ಒಳ್ಳೆಯವರೇ. ಆದರೂ ನನಗೆ ಆ ಮನೆಯಲ್ಲಿ ಇರಲು ಆಗಲಿಲ್ಲ. ಅವಳಿದ್ದಾಗ ಒಂದು ದಿನವೂ ಪಕ್ಕದಲ್ಲಿ ಕೂತು ಗುಂಡುಕಲ್ಲಿಗೆ ಕೈ ಹಾಕಿದವನಲ್ಲ ನಾನು. ಅಂಥವನು ಊರೂರಿನ ಹೆಂಗಸರ ರಟ್ಟೆ ನೋವಿನ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿ ಗ್ರೈಂಡರ್ ಮಾರುವ ಕೆಲಸಕ್ಕೆ ಸೇರಿಕೊಂಡೆ. ನಗು ಬಂದರೆ ನಗಬಹುದು. ನನಗೆ ಬರುತ್ತಿರಲಿಲ್ಲ.

ಆ ಕೆಲಸದಿಂದ ಒಂದು ಲಾಭವಾಯಿತು. ಬೇರೆ ಗಂಡಸರು ಜಗಲಿಯಲ್ಲೇ ಕೂತು ವಾಪಸು ಬರುವ ಮನೆಗಳಲ್ಲಿ ನಾನು ನೇರ ಅಡುಗೆಮನೆಗೆ ಹೋಗುತ್ತಿದ್ದೆ. ಹೊಳೆ ಒಂದೇ ಆದರೂ ಹಿಟ್ಟು ಊರಿಗೊಂದು ಥರ. ಸೇಲಂ ಕಡೆಯವರು ದೋಸೆ ಹಿಟ್ಟಿಗೂ ಒಂದು ಹಿಡಿ ಜವ್ವರಿಸಿ, ನಮ್ಮ ಸಬ್ಬಕ್ಕಿ, ಹಾಕುತ್ತಾರೆ, ಸುತ್ತ ಅದನ್ನು ಮಾಡುವ ಮರಗೆಣಸಿನ ಮಿಲ್ಲುಗಳೇ ಇರುವಾಗ ಇನ್ನೇನು ಹಾಕಿಯಾರು. ಆ ಮಿಲ್ಲುಗಳ ಹುಳಿ ವಾಸನೆ ಬಸ್ಸಿನೊಳಗೆ ಬಂದರೆ ಸೇಲಂ ಬಂತು ಎಂದು ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಬೆಟ್ಟದಿಂದ ಇಳಿದು ಬಂದ ಮನೆತನದವರು ಅಕ್ಕಿಯ ಬದಲು ಸಾಮೆ ನೆನೆಹಾಕುತ್ತಿದ್ದರು. ಆ ಹಿಟ್ಟಿನ ದೋಸೆ ಬಿಸಿಯಿದ್ದಾಗ ಮಾತ್ರ ಚೆನ್ನ, ಆರಿದರೆ ಹಲ್ಲಿಗೆ ಕೆಲಸ. ಪೆನ್ನಾಗರದಲ್ಲಿ ಹುಣಸೆಯ ಕಾಲದಲ್ಲಿ ಹೋದರೆ ಇಡೀ ಬೀದಿ ಜಗಲಿಯ ಮೇಲೆ ಕೂತು ಬೀಜ ಬಿಡಿಸುತ್ತಿರುತ್ತದೆ. ಅಲ್ಲೊಬ್ಬ ಅಜ್ಜಿ ನನ್ನ ಭಾಷಣ ಪೂರ್ತಿ ಕೇಳಿಸಿಕೊಂಡು, "ಇದು ಮುದ್ದೆ ತಿರುವ್ತದಾ?" ಎಂದಳು. ಇಲ್ಲ ಎಂದೆ. "ಅಂಗಾರೆ ಯಾತಕ್ಕೆ ಒತ್ಕೊಂಡು ತಿರುಗ್ತೀಯ?" ಎಂದು ಬೀಜ ಬಿಡಿಸುವುದನ್ನು ಮುಂದುವರಿಸಿದಳು.

ಹೀಗೆ ಎಲ್ಲ ಕಡೆ ತಿನ್ನುತ್ತಿದ್ದೆ. ಧರ್ಮಪುರಿ ಬಸ್ ಸ್ಟ್ಯಾಂಡಿನ ಹೊರಗೆ ಸಣ್ಣ ಈರುಳ್ಳಿ ಕಚ್ಚಿಕೊಂಡು ಸಜ್ಜೆ ಗಂಜಿ, ಸೇಲಂನ ತಳ್ಳುಗಾಡಿಯಲ್ಲಿ ನಿಪ್ಪಟ್ಟಿನಂಥ ಎರಡು ತಟ್ಟುವಡೆ ನಡುವೆ ಕ್ಯಾರೆಟ್ಟು, ಬೀಟ್‌ರೂಟು ತುರಿ ಇಟ್ಟು ಚಟ್ನಿ ಸವರಿ ಕೊಡುವ ಸೆಟ್ಟು. ಆ ಸೆಟ್ಟನ್ನು ಕಚ್ಚಿದರೆ ಅಂಗಿಯ ಮೇಲೆ ಅರ್ಧ, ಬಾಯಿಗೆ ಅರ್ಧ. ಪಕ್ಕದಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು, ನಾನು ಗೋಡೆ ಕಡೆ ತಿರುಗಿ ತಿನ್ನುತ್ತಿದ್ದೆ. ಎಲ್ಲರ ಮನೆಯ ಅಡುಗೆಯೂ ಗೊತ್ತಿತ್ತು, ಉಣ್ಣಲು ಬಾ ಎಂದು ಕರೆಯುವ ಮನೆ ಇರಲಿಲ್ಲ. ಶನಿವಾರ ಊರಿಗೆ ಹೋಗೋಣ ಎಂದು ಮೆಟ್ಟೂರಿನಲ್ಲಿ ಬಸ್ಸು ಹತ್ತುತ್ತಿದ್ದೆ. ತೊಪ್ಪೂರು ಬಂದ ಕೂಡಲೆ ಮುಂದೆ ಹೋಗುವ ಮನಸ್ಸು ಬರುತ್ತಿರಲಿಲ್ಲ. ಇಳಿದು, ಘಾಟಿ ಹತ್ತಲಾರದೆ ನಿಂತ ಲಾರಿಗಳನ್ನು ನೋಡುತ್ತ ಟೀ ಕುಡಿದು, ಒಂದು ಬನ್ನು ತಿಂದು, ಎದುರು ಬಸ್ಸು ಹಿಡಿದು ಮೆಟ್ಟೂರಿಗೇ ವಾಪಸಾಗುತ್ತಿದ್ದೆ. ಎಷ್ಟು ಶನಿವಾರ ಹಾಗೆ ಮಾಡಿದೆನೋ. ಟೀ ಅಂಗಡಿಯವನು ನನ್ನನ್ನು ತೊಪ್ಪೂರಿನಲ್ಲೇ ಏನೋ ಕೆಲಸದಲ್ಲಿರುವವನು ಎಂದುಕೊಂಡಿದ್ದ.

ಕರೆಯುವ ಮನೆ ಸಿಕ್ಕಿದ್ದು ಬುಧವಾರದ ಲೈನಿನಲ್ಲಿ. ಕೊಳತ್ತೂರು ದಾಟಿ, ಪಾಲಮಲೆಯ ಬುಡದಲ್ಲಿ, ಮೆಟ್ಟೂರು ಡ್ಯಾಮಿನ ನೀರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಒಂದು ಹಳ್ಳಿ. ಹನ್ನೊಂದಕ್ಕೆ ಇಳಿಸಿ ಹೋದ ಬಸ್ಸು ಮೂರಕ್ಕೇ ವಾಪಸು ಬರುವುದು. ಒಂದು ದಿನ ಬಿಸಿಲು ತಡೆಯಲಾರದೆ ಹೊಂಗೆಮರವಿದ್ದ ಒಂದು ಮನೆಯ ಮುಂದೆ ನಿಂತು ನೀರು ಕೇಳಿದೆ. ಐವತ್ತು ದಾಟಿದ ಒಬ್ಬ ಹೆಂಗಸು ಚೊಂಬು ತಂದು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ನಿಂತು ನೋಡಿದಳು.

"ಯಾವೂರ್ಲಾ ನಿಂದು?"

"ಮಾರಂಡಳ್ಳಿ ತಾವ."

"ನಮ್ ಮಾತಾಡ್ತೀಯ. ಯಾವ ಕುಲ?"

ಹೇಳಿದೆ. ಅವಳು ಬೆರಳು ಮಡಚಿ, ಯಾರದೋ ಮದುವೆ, ಯಾರಿಗೋ ಕೊಟ್ಟಿದ್ದು, ಯಾರಿಂದಲೋ ತಂದಿದ್ದು ಎಲ್ಲ ಕೂಡಿಸಿ ಒಂದು ತೀರ್ಮಾನಕ್ಕೆ ಬಂದಳು. "ಅಂಗಾರೆ ನೀ ನಂಗೆ ಅಣ್ಣನ ಮಗ ಆಗ್ಬೇಕು. ನಾ ನಿಂಗೆ ಅತ್ತೆ. ಒಳಗ್ ಬಾ, ಉಣ್ಣು."

ಆ ಲೆಕ್ಕ ಸರಿಯೋ ತಪ್ಪೋ ನಾನು ಯಾರನ್ನೂ ವಿಚಾರಿಸಲಿಲ್ಲ. ತಪ್ಪೆಂದು ಗೊತ್ತಾಗಿಬಿಟ್ಟರೆ ಎಂಬ ಭಯಕ್ಕೇ ವಿಚಾರಿಸಲಿಲ್ಲ.

ಅವತ್ತಿನಿಂದ ಬುಧವಾರ ಮಧ್ಯಾಹ್ನ ನನ್ನ ಊಟ ಅಲ್ಲಿ. ಅತ್ತೆಗೆ ಒಬ್ಬಳು ಮಗಳು, ಮದುವೆಯಾಗಿ ದೂರದ ತಿರುಪ್ಪೂರು ಸೇರಿದ್ದಳು. ಮನೆಯಲ್ಲಿ ಅತ್ತೆ, ಮಾವ ಇಬ್ಬರೇ. ಮಾವ ಮಾತು ಕಡಿಮೆಯ ಮನುಷ್ಯ. ಡ್ಯಾಮಿನ ನೀರು ಇಳಿದಂತೆಲ್ಲ ಬಯಲಾಗುವ ಕರಿಮಣ್ಣಿನಲ್ಲಿ ರಾಗಿ, ಎಳ್ಳು ಬಿತ್ತುತ್ತಿದ್ದ. ನೀರು ಹಿಂದೆ ಸರಿದಷ್ಟೂ ಅವನ ಹೊಲ ದೊಡ್ಡದಾಗುತ್ತಿತ್ತು, ನೀರು ಏರಿದರೆ ಹೊಲವೇ ಇಲ್ಲ. ಬಲೆ ಹಾಕುವವರು ಯಾರಾದರೂ ಅವನಿಗೆ ಎರಡು ಮೀನು ಕೊಡುತ್ತಿದ್ದರು. ಅತ್ತೆ ಅದನ್ನು ಹಿಂದಿನ ದಿನವೇ ಹುಳಿ ಬಿಟ್ಟು ಸಾರು ಮಾಡಿ, ಮಡಕೆಯಲ್ಲೇ ಬಿಟ್ಟು, ನನಗೆ ಮಾರನೆಯ ದಿನದ ಸಾರು ಬಡಿಸುತ್ತಿದ್ದಳು. ಮೀನಿನ ಸಾರು ಅವತ್ತವತ್ತೇ ಉಣ್ಣುವವರಿಗೆ ನಾಲಿಗೆ ಇಲ್ಲ ಎಂಬುದು ಅವಳ ಅಭಿಪ್ರಾಯ, ಈಗ ನನ್ನದೂ ಅದೇ. ಮೀನಿಲ್ಲದ ದಿನ ಹುರುಳಿ ಬೇಯಿಸಿದ ಕಟ್ಟಿನ ಸಾರು, ಎಳ್ಳಿನ ಚಟ್ನಿ. ತಟ್ಟೆಗೆ ಮುದ್ದೆ ಇಟ್ಟ ಮೇಲೆ ಅದರ ನೆತ್ತಿಯನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿ ಗುಳಿ ಮಾಡಿ, ಸಾರನ್ನು ಮೊದಲು ಆ ಗುಳಿಗೆ ಬಿಡುತ್ತಿದ್ದಳು. ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ನನ್ನ ಗ್ರೈಂಡರ್ ಎಂದರೆ ಅವಳಿಗೆ ತಮಾಷೆ. ಆ ಮನೆಯಲ್ಲಿ ಇದ್ದದ್ದು ಒಂದು ಬಲ್ಬು, ಅದಕ್ಕೊಂದು ಸ್ವಿಚ್ಚು. ಪ್ಲಗ್ಗೇ ಇರಲಿಲ್ಲ. "ನಿನ್ ಮಿಷಿನ್ನ ಬಲ್ಬಿಗೆ ನೇತಾಕ್ತೀಯೇನ್ಲಾ?" ಎಂದು ಕೇಳಿ ಅವಳೇ ನಗುತ್ತಿದ್ದಳು. ಆದರೂ ನನ್ನ ಭಾಷಣ ಕೇಳುವ ಆಸೆ. ಹೊಸ ಮಾತು ಸೇರಿಸಿದ್ದರೆ ಮೊದಲು ಅವಳ ಮುಂದೆ ಹೇಳಿ ನೋಡುತ್ತಿದ್ದೆ, ಎಲ್ಲಿ ಸುಳ್ಳು ಜಾಸ್ತಿಯಾಯಿತು ಎಂದು ಅವಳು ಹೇಳುತ್ತಿದ್ದಳು. ನೀರು ಸೇದಿಸುತ್ತಿದ್ದಳು, ನುಗ್ಗೆಕಾಯಿ ಕೀಳಿಸುತ್ತಿದ್ದಳು, ಅಂಗಿ ಕೊಳೆಯಾಗಿದ್ದರೆ ಬೈಯುತ್ತಿದ್ದಳು. ಅದರಿಂದಲೇ ನಾನು ಅಲ್ಲಿ ನೆಂಟನಲ್ಲ, ಮನೆಯವನೇ ಎಂದು ಗೊತ್ತಾಗುತ್ತಿತ್ತು. ಮೂರು ಗಂಟೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದ ಕೂಡಲೆ ಗೋಣಿಚೀಲ ಎತ್ತಿಕೊಂಡು ಹೊಸ್ತಿಲಲ್ಲಿ ತಿರುಗಿ, "ಓಗಿ ಬತ್ತೀನತ್ತೆ" ಅನ್ನುತ್ತಿದ್ದೆ. "ಸೆರಿ, ಬಾ" ಅನ್ನುತ್ತಿದ್ದಳು. ಎಲ್ಲ ಮನೆಯಲ್ಲೂ ಆಡುತ್ತಿದ್ದ ಮಾತು, ಅದನ್ನು ಉಳಿಸಿಕೊಂಡದ್ದು ಆ ಮನೆಯೊಂದರಲ್ಲಿ. ಮೂರು ವರ್ಷ ಒಂದು ಬುಧವಾರವೂ ತಪ್ಪಿಸಲಿಲ್ಲ. ಉಳಿದ ಆರು ದಿನ ಕಳೆಯುತ್ತಿದ್ದದ್ದೇ ಆ ಒಂದು ದಿನಕ್ಕಾಗಿ.

ಒಂದು ಆಡಿ ತಿಂಗಳು, ಅಂದರೆ ಆಷಾಢದ ಹೊತ್ತಿಗೆ, ಡ್ಯಾಮಿಗೆ ನೀರು ಬರತೊಡಗಿತ್ತು. ಬಸ್ಸಿನಿಂದ ಇಳಿದು ನೋಡಿದರೆ ಹೊಂಗೆಮರದ ಕೆಳಗೆ ಗಂಡಸರು ಸಾಲಾಗಿ ಕೂತಿದ್ದರು. ನೀರು ಏರುವ ಮೊದಲು ಎಳ್ಳು ಹೊರೆ ತರಲು ಹೋದ ಮಾವ ಎದೆ ನೋವು ಎಂದು ದಂಡೆಯಲ್ಲೇ ಕೂತವನು ಏಳಲಿಲ್ಲವಂತೆ. ಅದು ಮೂರನೆಯ ದಿನ. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸುವುದಾದರೂ ಹೇಗೆ, ನನ್ನ ರೂಮು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಗ್ರೈಂಡರ್ ಹೊತ್ತುಕೊಂಡು ಸಾವಿನ ಮನೆಯ ಮುಂದೆ ನಿಂತಿದ್ದೆ.

"ಎನ್ನ ಮಿಷಿನ್ ಇದು?" ಇದೇನು ಮಿಷಿನ್ ಎಂದು ಒಬ್ಬ ತಮಿಳಿನಲ್ಲಿ ಕೇಳಿದ. ಅದನ್ನು ಒಯ್ದು ಮರದ ಹಿಂದೆ ಇಟ್ಟೆ.

ಒಳಗೆ ಅತ್ತೆ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದಳು. ಮಗಳು ಪಕ್ಕದಲ್ಲಿದ್ದಳು. ಆ ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ, ಪಕ್ಕದ ಮನೆಯವರು ಮುದ್ದೆ, ಬೇಳೆ ಸಾರು ತಂದಿದ್ದರು. ಬೇಡವೆಂದರೂ ಕೂರಿಸಿ ಬಡಿಸಿದರು. ಸಾವಿನ ಮನೆಯ ಸಾರಿಗೆ ಒಗ್ಗರಣೆ ಇರುವುದಿಲ್ಲ. ಸಾಸಿವೆಯಿಲ್ಲ, ಕರಿಬೇವಿಲ್ಲ, ಬರೀ ಬೇಳೆ, ಉಪ್ಪು. ಮುದ್ದೆಯ ನೆತ್ತಿ ನುಣ್ಣಗಿತ್ತು. ಅತ್ತೆಗೆ ಏನಾದರೂ ಹೇಳಬೇಕು ಎಂದು ಮೂರು ಗಂಟೆಯವರೆಗೆ ಕೂತೇ ಇದ್ದೆ. ಊರೂರಲ್ಲಿ ಅರ್ಧ ಗಂಟೆ ಭಾಷಣ ಮಾಡುವ ನನಗೆ ಒಂದು ಮಾತು ಸಿಗಲಿಲ್ಲ.

ಬಸ್ಸು ಹಾರ್ನ್ ಹೊಡೆಯಿತು. ಎದ್ದೆ. ಹೊಸ್ತಿಲಲ್ಲಿ ಕಾಲಿಟ್ಟೆ, ತಿರುಗಿದೆ, "ಓಗಿ ಬತ್ತೀ‌ನತ್ತೆ" ಎಂದುಬಿಟ್ಟೆ.

ಮಾವನ ದಾಯಾದಿ, ಒಬ್ಬ ಹಿರಿಯ, ಹೊರಗಿನಿಂದ ಎದ್ದು ಬಂದ.

"ಏನ್ಲಾ, ಬುದ್ಧಿ ಐತಾ ನಿಂಗೆ? ಸತ್ತೋರ ಮನೇಲಿ ಬತ್ತೀನಿ ಅಂತಾರಾ? ಯಾರ ಸಾವಿಗೆ ಬತ್ತೀಯ? ಅವಳ್ದಾ?"

ನಾನು ಅತ್ತೆಯ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ. ಮಗಳು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಗೋಣಿಚೀಲ ಎತ್ತಿಕೊಂಡು ಓಡುವವನ ಹಾಗೆ ಬಸ್ಸಿಗೆ ಹೋದೆ.

ಇಂಥ ಮಾತನ್ನು ನಂಬುವುದಿಲ್ಲ ಎಂದು ಹಗಲು ಹೊತ್ತು ಎಷ್ಟೋ ಸಲ ಹೇಳಿಕೊಂಡೆ. ಆದರೆ ಅತ್ತೆಗೆ ಏನಾದರೂ ಆದರೆ ಅದು ನನ್ನ ನಾಲಿಗೆಯಿಂದ ಎಂಬುದು ಒಳಗೆ ಕೂತುಬಿಟ್ಟಿತ್ತು. ಆ ಮನೆಗೆ ಮತ್ತೆ ಕಾಲಿಟ್ಟರೆ ಅವಳ ಸಾವಿಗೇ ಕಾಲಿಟ್ಟ ಹಾಗೆ. ಹೋಗದೆ ಇದ್ದರೆ ಆ ಮಾತು ಸುಳ್ಳಾಗುತ್ತದೆ, ಅವಳು ಬದುಕುತ್ತಾಳೆ. ಹೀಗೆ ಲೆಕ್ಕ ಹಾಕಿದೆ. ನಾಚಿಕೆಯೂ ಇತ್ತು, ಅದನ್ನು ಈ ಲೆಕ್ಕದ ಹಿಂದೆ ಬಚ್ಚಿಟ್ಟೆ. ನಮ್ಮವನೇ ಇನ್ನೊಬ್ಬ ಮಾರುವವನಿಗೆ ಕೊಳತ್ತೂರು ಲೈನು ಕೊಟ್ಟು ಅವನ ಲೈನು ನಾನು ತೆಗೆದುಕೊಂಡೆ.

ಒಂದು ವರ್ಷದ ಮೇಲಾಯಿತು. ಬುಧವಾರ ಮಧ್ಯಾಹ್ನ ಎಲ್ಲಿದ್ದರೂ ಹಸಿವಾಗುತ್ತಿರಲಿಲ್ಲ. ಹೊಗೇನಕಲ್ಲಿನಲ್ಲಿ ಆ ಅಂಗೈಯಗಲದ ಮೀನು ಹಿಡಿದು ನಿಂತದ್ದು ಈ ವರ್ಷದಲ್ಲೇ, ಅದೂ ಒಂದು ಬುಧವಾರ. ಡ್ಯಾಮಿನ ಕೆಳಗಿನ ಊರುಗಳಲ್ಲಿ ಮೀನಿನ ಸಾರು ಎಲ್ಲಿ ಸಿಕ್ಕರೂ ತಿಂದು ನೋಡಿದೆ. ಎಲ್ಲ ಕಡೆ ಅವತ್ತಿನದೇ ಸಾರು. ಮೆಟ್ಟೂರಿನ ಮೆಸ್ಸಿನಲ್ಲಿ ಒಂದು ಸಲ ಮುದ್ದೆ ಮಾಡಿದ್ದರು, ನಾನೇ ಹೆಬ್ಬೆರಳಿನಿಂದ ನೆತ್ತಿ ಒತ್ತಿ ಸಾರು ಬಿಟ್ಟುಕೊಂಡೆ. ಎದುರು ಕೂತವನು ನೋಡುತ್ತಿದ್ದ. ಅತ್ತೆ ಇದ್ದಾಳೋ ಇಲ್ಲವೋ ಎಂದು ಕೊಳತ್ತೂರು ಬಸ್ಸಿನ ಕಂಡಕ್ಟರನ್ನು ಕೇಳಬಹುದಿತ್ತು. ಇಲ್ಲ ಎಂದುಬಿಟ್ಟರೆ ಏನು ಮಾಡುವುದೆಂದು ಕೇಳಲಿಲ್ಲ. ನನಗೆ ಅಷ್ಟು ಒಂಟಿತನ ಹೆಂಡತಿ ಹೋದಾಗಲೂ ಆಗಿರಲಿಲ್ಲ. ಹೀಗೆ ಬರೆಯುವುದು ತಪ್ಪೇನೋ, ಆದರೆ ನಿಜ.

ಆಮೇಲೆ ಮೆಟ್ಟೂರಿನಲ್ಲೇ ಗ್ರೈಂಡರ್ ಅಂಗಡಿಗಳು ಶುರುವಾದವು. ಹೆಂಗಸರು ತಾವೇ ಬಂದು ಕೊಂಡುಹೋಗತೊಡಗಿದರು, ಮನೆಮನೆಗೆ ಹೊತ್ತು ತಿರುಗುವವರು ಬೇಡವಾದರು. ನನ್ನನ್ನು ಒಂದು ಅಂಗಡಿಯ ಕೌಂಟರಿನಲ್ಲಿ ನಿಲ್ಲಿಸಿದರು, ವಾರಕ್ಕೆ ಒಂದು ದಿನ ರಜ, ಅದೂ ಬುಧವಾರ. ಒಂದು ದಿನ ಇಬ್ಬರು ಹೆಂಗಸರು ಬಂದರು. ಒಬ್ಬಳು ಯಂತ್ರವನ್ನು ಬಿಟ್ಟು ನನ್ನನ್ನೇ ನೋಡತೊಡಗಿದಳು.

"ನೀನು ಆ ಮಿಷಿನ್ ಅಳಿಯ ಅಲ್ವಾ? ಬದುಕಿದ್ದೀಯಾ?"

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಅವಳು ಸಾವಿನ ದಿನ ಬೇಳೆ ಸಾರು ತಂದಿದ್ದ ಪಕ್ಕದ ಮನೆಯವಳು.

"ಅತ್ತೆ ಇನ್ನೂ ಅವ್ಳಾ?" ಎಂದೆ.

"ಇರ್ದೆ ಏನು? ನೀನೇ ಓಗ್ಬುಟ್ಟೆ ಅಂತ ನಿಮ್ಮತ್ತೆ ಊರಿಗೆಲ್ಲ ಏಳವ್ಳೆ."

ಮಾರನೆಯ ದಿನ ಸೋಮವಾರ. ಜ್ವರ ಎಂದು ಅಂಗಡಿಗೆ ಹೇಳಿ ಕಳಿಸಿ ಹನ್ನೊಂದರ ಬಸ್ಸಿಗೆ ಅತ್ತೆಯ ಊರಲ್ಲಿ ಇಳಿದೆ. ಕೈಯಲ್ಲಿ ಗೋಣಿಚೀಲವಿಲ್ಲದೆ ಆ ಹಾದಿ ನಡೆದದ್ದು ಅದೇ ಮೊದಲು. ಅತ್ತೆ ಹೊಂಗೆಮರದ ಕೆಳಗೆ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಇಳಿದುಹೋಗಿದ್ದಳು. ನನ್ನನ್ನು ಕಂಡು ಏಳಲಿಲ್ಲ, ಕೈ ಮಾತ್ರ ನಿಂತಿತು. ಹತ್ತಿರ ಹೋಗಿ ಕೂತ ಮೇಲೆ ನನ್ನ ಮೊಣಕೈ ಮುಟ್ಟಿ ನೋಡಿದಳು.

"ಮಿಷಿನ್ ಎಲ್ಲಿ?"

"ಈಗ ಅಂಗಡೀಲಿ ಇದೀನತ್ತೆ. ಒತ್ಕೊಂಡು ತಿರುಗೋದಿಲ್ಲ."

"ಮೂರು ಬುಧವಾರ ಅಕ್ಕಿ, ಉದ್ದು ನೆನೆಹಾಕ್ದೆ," ಎಂದಳು.

ನನಗೆ ಅರ್ಥವಾಗಲಿಲ್ಲ. "ಯಾಕತ್ತೆ? ನಿನ್ ಮನೇಲಿ ಪ್ಲಗ್ಗೇ ಇಲ್ವಲ್ಲ."

"ಪ್ಲಗ್ಗಿಲ್ಲ ಅಂತ ನಂಗೊತ್ತಿಲ್ವಾ? ನೆನೆಹಾಕಿದ್ ಮನೇಗೆ ತಾನೆ ನೀ ಬರೋದು." ಅವಳು ಮತ್ತೆ ಕಾಳು ಬಿಡಿಸತೊಡಗಿದಳು. "ಬಂದೋರೆಲ್ಲ ಏನೂ ಏಳ್ದೆ ಎದ್ದೋದ್ರು. ಸೆರಿ, ಏಳ್ಬಾರ್ದು. ಅನ್ನೊಂದು ದಿನ ಮುಗೀತು, ಮಗಳು ತಿರುಪ್ಪೂರಿಗೆ ಓದ್ಳು, ಅವಳ್ಗೂ ಮಿಲ್ಲಿನ ಕೆಲ್ಸ. ಆಮೇಲೂ ಯಾರೂ ಬರ್ಲಿಲ್ಲ. ಬತ್ತೀನಿ ಅಂದೋನು ನೀನೊಬ್ನೇ."

"ತಪ್ಪಾಗೋಯ್ತು ಅತ್ತೆ. ಆ ಮಾತು ನಿಂಗೆ ತಟ್ತದೆ ಅಂತ ಎದ್ರಿ ಬರ್ಲಿಲ್ಲ."

"ತಪ್ಪೇ. ನಾ ಇಲ್ಲ ಅಂದ್ನಾ? ಆದ್ರೂ ಅಂದ್ಯಲ್ಲ, ಅದ್ನೇ ಇಡ್ಕೊಂಡು ಕೂತಿದ್ದೆ." ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. "ಮೂರು ವಾರ ಬರ್ಲಿಲ್ಲ. ಒಂದ್ ವಾರಾನೂ ತಪ್ಸಿದೋನಲ್ಲ ನೀನು. ಆ ಮಾತು ತಿರುಗಿ ನಿಂಗೇ ತಟ್ತು ಅಂದ್ಕೊಂಡೆ. ನಿನ್ ರೂಮೆಲ್ಲಿ ಅಂತ ಯಾರ್ನ ಕೇಳೋದು? ನಾಲ್ಕನೇ ಬುಧವಾರ ನಿಂಗೂ ಒಂದು ದಿನ ಒಲೆ ಅಚ್ಚಲಿಲ್ಲ."

ಹೆಂಡತಿ ಹೋದಾಗ ನಾಲ್ಕು ಜನರ ಮುಂದೆ ನಾನು ಅತ್ತಿರಲಿಲ್ಲ. ಅವತ್ತು ಹೊಂಗೆಮರದ ಕೆಳಗೆ, ಎದುರು ಜಗಲಿಯವರು ನೋಡುತ್ತಿದ್ದಂತೆಯೇ ಅತ್ತುಬಿಟ್ಟೆ. ಹೆಂಡತಿಯನ್ನು ಮಣ್ಣು ಮಾಡಿ ಬಂದು ನಮ್ಮ ಜಗಲಿಯಲ್ಲಿ ಕೂತಿದ್ದ ದಿನ ನನಗೂ ಯಾರಾದರೂ ತಪ್ಪಿ ಒಂದು ಸಲ "ಬರ್ತೀನಿ" ಎಂದಿದ್ದರೆ, ಸಾವು ಬಂದರೆ ಬರಲಿ ಎಂದು ಅದನ್ನೇ ಹಿಡಿದುಕೊಂಡು ಕೂರುತ್ತಿದ್ದೆ. ಅದು ಗೊತ್ತಿದ್ದೂ ಒಂದು ವರ್ಷ ಇವಳ ಕಡೆ ತಲೆ ಹಾಕಿರಲಿಲ್ಲ. ಅತ್ತೆ ಕಾಳಿನ ಮೊರ ನನ್ನ ಮುಂದಕ್ಕೆ ತಳ್ಳಿ, "ಬಿಡಿಸ್ತಾ ಇರು" ಎಂದು ಒಳಗೆ ಹೋಗಿ ಒಲೆ ಹಚ್ಚಿದಳು.

ಅವತ್ತು ಅವರೆಕಾಳಿನ ಸಾರು. ಸಾಸಿವೆ ಸಿಡಿದ ಸದ್ದು ಹೊರಗೆ ಕೇಳಿಸಿತು. ತಟ್ಟೆಗೆ ಮುದ್ದೆ ಇಟ್ಟು ಹೆಬ್ಬೆರಳಿನಿಂದ ನೆತ್ತಿ ಒತ್ತಿದಳು. ಗುಳಿ ಒಂದು ಕಡೆಗೆ ವಾಲಿತ್ತು. ಇಬ್ಬರೂ ಎದುರುಬದುರು ಕೂತು ಉಂಡೆವು.

ಮೂರು ಗಂಟೆಗೆ ಬಸ್ಸು ಹಾರ್ನ್ ಹೊಡೆಯಿತು. ಹೊಸ್ತಿಲ ಹತ್ತಿರ ಹೋಗಿ ನಿಂತೆ. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಅತ್ತೆ ತಟ್ಟೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಏನೂ ಏಳ್ದೆ ಓಗ್ತೀಯಾ?"

"ಬುಧವಾರ ರಜ ಐತೆ. ಬತ್ತೀನತ್ತೆ."

"ನೆನೆಹಾಕ್ಲಾ?"

"ಆಕು."

ಬುಧವಾರ ಹೋದೆ. ಎರಡು ಪಾತ್ರೆಯಲ್ಲಿ ಅಕ್ಕಿ, ಉದ್ದು ಬೇರೆಬೇರೆಯಾಗಿ ನೆನೆದಿದ್ದವು. ಯಂತ್ರವೂ ಇರಲಿಲ್ಲ, ಪ್ಲಗ್ಗೂ ಇರಲಿಲ್ಲ. ನಾನು ಒರಳುಕಲ್ಲಿನ ಮುಂದೆ ಕಾಲು ಚಾಚಿ ಕೂತು ಗುಂಡುಕಲ್ಲು ಹಿಡಿದೆ, ಅತ್ತೆ ಎದುರಿಗೆ ಕೂತು ಹಿಟ್ಟನ್ನು ಒಳಕ್ಕೆ ತಳ್ಳಿಕೊಟ್ಟಳು. ಅರ್ಧಕ್ಕೇ ರಟ್ಟೆ ಬಿದ್ದುಹೋಯಿತು. ಅವಳು, ನನ್ನ ಹೆಂಡತಿ, ಎರಡು ವರ್ಷ ಇಂಥದೇ ಕಲ್ಲು ತಿರುಗಿಸಿದ್ದಳು, ನಾನು ಪಕ್ಕದ ಕೋಣೆಯಲ್ಲಿ ಕೂತು ಸದ್ದು ಕೇಳುತ್ತಿದ್ದೆ.

"ಸಾಕಾ ಅತ್ತೆ?" ಎಂದೆ.

ಅತ್ತೆ ಎರಡು ಬೆರಳಲ್ಲಿ ಹಿಟ್ಟು ತೆಗೆದು ಉಜ್ಜಿ ನೋಡಿದಳು. "ಇನ್ನೂ ತರಿ ಐತೆ."

ಮತ್ತೆ ರುಬ್ಬಿದೆ.